ಹೆಡ್‌ಫೋನ್ ಆಂಪ್ ಆರಿಸುವುದು ಹೇಗೆ? ಮೊದಲು ಲೆಕ್ಕ, ಆಮೇಲೆ ಕಿವಿ

ದುಬಾರಿ ಹೆಡ್‌ಫೋನ್ ಕೊಂಡವರಿಗೆ ಸ್ವಲ್ಪ ದಿನದಲ್ಲೇ ಒಂದು ಅನುಮಾನ ಶುರುವಾಗುತ್ತದೆ. ಇದಕ್ಕೆ ಬೇರೆ ಆಂಪ್ಲಿಫೈಯರ್ (ಆಂಪ್, ಅಂದರೆ ಧ್ವನಿಯ ವಿದ್ಯುತ್ ಸಂಕೇತಕ್ಕೆ ಬಲ ಕೊಡುವ ಪೆಟ್ಟಿಗೆ) ಬೇಕಾ? ಬೇಕಾದರೆ ಎಂಥದ್ದು? ವಿಚಾರಿಸಲು ಹೊರಟರೆ ತಲೆಗೊಂದು ಮಾತು. ಒಬ್ಬರು ಟ್ಯೂಬ್, ಅಂದರೆ ಗಾಜಿನ ವಾಲ್ವ್ ಇರುವ ಆಂಪ್ ತಗೊಳ್ಳಿ ಅನ್ನುತ್ತಾರೆ. ಇನ್ನೊಬ್ಬರು ಕ್ಲಾಸ್ ಎ ಎಂಬ ಬಗೆಯ ಆಂಪ್ ಬಿಟ್ಟರೆ ಬೇರೆ ಇಲ್ಲ ಅನ್ನುತ್ತಾರೆ. ಮತ್ತೊಬ್ಬರಿಗೆ ವ್ಯಾಟ್ ಎಷ್ಟು ಎಂಬುದಷ್ಟೇ ಮುಖ್ಯ. ‘ನಿಮ್ಮ ಹೆಡ್‌ಫೋನ್ ಯಾವುದು?’ ಎಂದು ಮೊದಲು ಕೇಳದವರ ಸಲಹೆಯನ್ನು ಅಲ್ಲಿಗೇ ಬಿಟ್ಟುಬಿಡಿ. ಒಂದು ಹೆಡ್‌ಫೋನಿಗೆ ಹೇಳಿ ಮಾಡಿಸಿದಂಥ ಆಂಪ್ ಇನ್ನೊಂದಕ್ಕೆ ಸುಮ್ನೆ ದಂಡ ಆಗಬಹುದು.

ಹಾಗಾಗಿ ಆಂಪಿನ ಫೋಟೊ ನೋಡುವ ಮೊದಲು ಕಾಗದ, ಪೆನ್ನು ತೆಗೆದುಕೊಳ್ಳಿ.

ಹೆಜ್ಜೆ 1: ಹೆಡ್‌ಫೋನಿನ ಎರಡು ಸಂಖ್ಯೆ ಬರೆದುಕೊಳ್ಳಿ

ಮೊದಲನೆಯದು ಇಂಪೀಡೆನ್ಸ್, ಅಂದರೆ ವಿದ್ಯುತ್ ಹರಿವಿಗೆ ಹೆಡ್‌ಫೋನ್ ಒಡ್ಡುವ ತಡೆ. ಇದನ್ನು ಓಮ್‌ನಲ್ಲಿ ಕೊಟ್ಟಿರುತ್ತಾರೆ. ಎರಡನೆಯದು ಸೆನ್ಸಿಟಿವಿಟಿ, ಅಂದರೆ ಇಷ್ಟು ವಿದ್ಯುತ್ ಕೊಟ್ಟರೆ ಇಷ್ಟು ಡೆಸಿಬಲ್ ಸದ್ದು ಬರುತ್ತದೆ ಎಂಬ ಲೆಕ್ಕ.

ಇಂಪೀಡೆನ್ಸ್ ಜಾಸ್ತಿ ಇದ್ದರೆ ಓಡಿಸುವುದು ಕಷ್ಟ, ಕಡಿಮೆ ಇದ್ದರೆ ಸುಲಭ ಎಂದು ತುಂಬಾ ಜನ ನಂಬಿದ್ದಾರೆ. ಇದು ಅರ್ಧ ಸತ್ಯ ಕೂಡ ಅಲ್ಲ. ಸೆನ್ಸಿಟಿವಿಟಿ ನೋಡದೆ ಬರೀ ಓಮ್ ನೋಡಿ ಏನೂ ಹೇಳಲು ಬರುವುದಿಲ್ಲ.

ಸೆನ್ಸಿಟಿವಿಟಿ ನೋಡುವಾಗ ಒಂದು ಎಚ್ಚರ ಬೇಕು. ಕೆಲವು ಕಂಪನಿಗಳು ಅದನ್ನು ಒಂದು ಮಿಲಿವ್ಯಾಟ್‌ಗೆ ಎಂದು ಕೊಡುತ್ತವೆ, ಕೆಲವು ಒಂದು ವೋಲ್ಟ್‌ಗೆ ಎಂದು. ಎರಡನ್ನೂ ನೇರವಾಗಿ ಪಕ್ಕಪಕ್ಕ ಇಟ್ಟರೆ ಲೆಕ್ಕ ಎಡವಟ್ಟಾಗುತ್ತದೆ. ಮಿಲಿವ್ಯಾಟ್ ಸಂಖ್ಯೆಯನ್ನು ವೋಲ್ಟ್‌ಗೆ ಬದಲಿಸಲು 300 ಓಮ್ ಹೆಡ್‌ಫೋನಿಗೆ ಸುಮಾರು 5 ಡೆಸಿಬಲ್ ಕೂಡಿಸಿ. 60 ಓಮ್‌ಗೆ 12, 32 ಓಮ್‌ಗೆ 15.

ಹೆಜ್ಜೆ 2: ಎಷ್ಟು ಜೋರು ಬೇಕು?

ನಾವು ಸಾಮಾನ್ಯವಾಗಿ ಹಾಡು ಕೇಳುವುದು 70ರಿಂದ 80 ಡೆಸಿಬಲ್‌ನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬಲ್‌ನಲ್ಲಿ. ಆದರೆ ಆಂಪ್ ಆರಿಸುವಾಗ ಈ ಸರಾಸರಿ ಸಾಲದು. ಚೆನ್ನಾಗಿ ರೆಕಾರ್ಡ್ ಮಾಡಿದ ಆರ್ಕೆಸ್ಟ್ರಾದಲ್ಲಿ ಡೋಲಿನ ಒಂದು ಏಟು ಸರಾಸರಿಗಿಂತ 20 ಡೆಸಿಬಲ್‌ಗೂ ಮೇಲೆ ಹಾರುತ್ತದೆ. ಕ್ಷಣಮಾತ್ರದ ಆ ಏಟಿನಲ್ಲಿ ಆಂಪ್ ಮುಗ್ಗರಿಸಬಾರದು. ಅದಕ್ಕೇ 110 ಡೆಸಿಬಲ್ ಗುರಿ ಇಟ್ಟುಕೊಂಡರೆ ಧಾರಾಳವಾಗಿ ಸಾಕು.

ಈಗ ಎರಡು ನಿಜವಾದ ಹೆಡ್‌ಫೋನ್ ನೋಡೋಣ.

ಸೆನ್‌ಹೈಸರ್ ಎಚ್‌ಡಿ 800 ಎಸ್: 300 ಓಮ್, ಒಂದು ವೋಲ್ಟ್‌ಗೆ 102 ಡೆಸಿಬಲ್. 110 ತಲುಪಲು ಇನ್ನು 8 ಡೆಸಿಬಲ್ ಬೇಕು. ವೋಲ್ಟ್ ಲೆಕ್ಕದಲ್ಲಿ 6 ಡೆಸಿಬಲ್ ಅಂದರೆ ಎರಡು ಪಟ್ಟು, 8 ಅಂದರೆ ಸುಮಾರು ಎರಡೂವರೆ ಪಟ್ಟು. ಅಂದರೆ 2.5 ವೋಲ್ಟ್ ಬೇಕು. ಅದನ್ನು 300ರಿಂದ ಭಾಗಿಸಿದರೆ ಕರೆಂಟ್ 8 ಮಿಲಿಆಂಪಿಯರ್ ಚಿಲ್ಲರೆ. ಶಕ್ತಿ ಬರೀ 21 ಮಿಲಿವ್ಯಾಟ್.

ಹೈಫೈಮ್ಯಾನ್ ಸುಸ್ವಾರಾ: 60 ಓಮ್, ಒಂದು ಮಿಲಿವ್ಯಾಟ್‌ಗೆ 83 ಡೆಸಿಬಲ್. ಇಲ್ಲಿ 27 ಡೆಸಿಬಲ್ ಏರಬೇಕು. ಶಕ್ತಿಯ ಲೆಕ್ಕದಲ್ಲಿ 20 ಡೆಸಿಬಲ್‌ಗೆ ನೂರು ಪಟ್ಟು, ಉಳಿದ 7ಕ್ಕೆ ಐದು ಪಟ್ಟು. ಒಟ್ಟು 500 ಮಿಲಿವ್ಯಾಟ್. ವೋಲ್ಟ್ ಐದೂವರೆ, ಕರೆಂಟ್ ಸುಮಾರು 91 ಮಿಲಿಆಂಪಿಯರ್.

ನೋಡಿದಿರಾ? 300 ಓಮ್‌ನದ್ದು 21 ಮಿಲಿವ್ಯಾಟ್‌ನಲ್ಲಿ ತೃಪ್ತಿ ಪಡುತ್ತದೆ. 60 ಓಮ್‌ನದ್ದು ಅದರ ಇಪ್ಪತ್ತು ಪಟ್ಟಿಗೂ ಮಿಕ್ಕಿ ಕೇಳುತ್ತದೆ, ಕರೆಂಟ್ ಹತ್ತು ಪಟ್ಟಿಗೂ ಜಾಸ್ತಿ ಎಳೆಯುತ್ತದೆ. ಮೊದಲನೆಯದನ್ನು ಸುಮಾರು 1 ವೋಲ್ಟ್ ಕೊಡುವ ಫೋನ್ ಡಾಂಗಲ್ (ಫೋನಿಗೆ ಚುಚ್ಚುವ ಪುಟ್ಟ ಹೆಡ್‌ಫೋನ್ ಅಡಾಪ್ಟರ್) ಕೂಡ 102 ಡೆಸಿಬಲ್‌ವರೆಗೆ ಕೊಂಡೊಯ್ಯುತ್ತದೆ. ಮೆಲ್ಲಗೆ ಕೇಳುವವರಿಗೆ ಅಷ್ಟೇ ಸಾಕಾಗಬಹುದು! ಆಂಪ್ ಮಾರುವವರು ಈ ಮಾತು ಹೇಳುವುದಿಲ್ಲ ಅಷ್ಟೆ.

ಸ್ಟ್ಯಾಕ್ಸ್ ತರಹದ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್‌ಗಳಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ಅವುಗಳ ತೆಳು ಪೊರೆಗೆ ನೂರಾರು ವೋಲ್ಟ್ ಬಯಾಸ್, ಅಂದರೆ ಸದಾ ಇರುವ ಸ್ಥಿರ ವೋಲ್ಟೇಜ್ ಬೇಕು. ಸ್ಟ್ಯಾಕ್ಸ್‌ನ ಪ್ರೊ ಸಾಕೆಟ್‌ನಲ್ಲಿ ಅದು 580 ವೋಲ್ಟ್. ಅವಕ್ಕೆಂದೇ ಮಾಡಿದ ಆಂಪ್ ಬಿಟ್ಟು ಬೇರೆ ಯಾವುದಕ್ಕೂ ಜೋಡಿಸುವಂತಿಲ್ಲ.

ಹೆಜ್ಜೆ 3: ಆಂಪಿನ ವ್ಯಾಟ್ ಯಾವ ಓಮ್‌ಗೆ ಎಂದು ನೋಡಿ

ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘1 ವ್ಯಾಟ್’ ಎಂದು ಇರುತ್ತದೆ. ಕೆಳಗೆ ಸಣ್ಣದಾಗಿ 32 ಓಮ್‌ಗೆ ಎಂದು ಇರುತ್ತದೆ. 32 ಓಮ್‌ಗೆ 1 ವ್ಯಾಟ್ ಅಂದರೆ ಸುಮಾರು 5.7 ವೋಲ್ಟ್. ಅದೇ ವೋಲ್ಟೇಜ್ 300 ಓಮ್‌ಗೆ ಹೋದರೆ ಸಿಗುವುದು 107 ಮಿಲಿವ್ಯಾಟ್. ಇದೇನೂ ಮೋಸವಲ್ಲ, ಓಮನ ನಿಯಮ ಅಷ್ಟೆ. ನಿಮ್ಮ ಹೆಡ್‌ಫೋನಿಗೆ ಹತ್ತಿರದ ಓಮ್‌ನಲ್ಲಿ ಎಷ್ಟು ಸಿಗುತ್ತದೆ ಎಂದು ಹುಡುಕಿ, ಹಿಂದಿನ ಹೆಜ್ಜೆಯ ಲೆಕ್ಕದ ಜೊತೆ ಹೋಲಿಸಿ. ಲೆಕ್ಕಕ್ಕಿಂತ ಎರಡು ಪಟ್ಟು ಇದ್ದರೆ ನಿಶ್ಚಿಂತೆ.

ಅದರಾಚೆ ವ್ಯಾಟ್ ಹಿಂದೆ ಓಡಬೇಡಿ. 2 ವ್ಯಾಟ್ ಆಂಪ್ ಬಿಟ್ಟು 4 ವ್ಯಾಟ್‌ನದ್ದು ತಂದರೆ ಸಿಗುವುದು 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ಶಕ್ತಿ.

ಹೆಜ್ಜೆ 4: ಔಟ್‌ಪುಟ್ ಇಂಪೀಡೆನ್ಸ್, ಯಾರೂ ಕೇಳದ ಸಂಖ್ಯೆ

ಇದು ಆಂಪಿನ ಒಳಗೇ, ಹೆಡ್‌ಫೋನಿಗೆ ಹೋಗುವ ದಾರಿಯಲ್ಲಿ ಇರುವ ತಡೆ. ನನ್ನ ಮಟ್ಟಿಗೆ ಸ್ಪೆಕ್ ಹಾಳೆಯಲ್ಲಿ ಶಕ್ತಿಯ ನಂತರದ ಸ್ಥಾನ ಇದರದ್ದೇ. ಎಷ್ಟೋ ಆಂಪ್‌ಗಳು ‘ಬೆಚ್ಚಗಿನ ಧ್ವನಿ’, ‘ತುಂಬಿದ ಬಾಸ್’ ಎಂದು ಹೆಸರು ಗಳಿಸಿರುವುದು ಈ ಒಂದು ಸಂಖ್ಯೆಯಿಂದ.

ಹೆಡ್‌ಫೋನಿನ ಇಂಪೀಡೆನ್ಸ್ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಎಚ್‌ಡಿ 800 ಎಸ್‌ನದ್ದು 300 ಓಮ್ ಎಂದು ಬರೆದಿದ್ದರೂ 100 ಹರ್ಟ್ಸ್ ಆಸುಪಾಸಿನಲ್ಲಿ 600 ದಾಟುತ್ತದೆ. ಆಂಪಿನ ಔಟ್‌ಪುಟ್ ಇಂಪೀಡೆನ್ಸ್ 1 ಓಮ್ ಇದ್ದರೆ ಇದರಿಂದ ಏನೂ ಆಗುವುದಿಲ್ಲ. 120 ಓಮ್ ಇದ್ದರೆ? ಇಂಪೀಡೆನ್ಸ್ ಜಾಸ್ತಿ ಇರುವ ಕಡೆ ಹೆಚ್ಚು ವೋಲ್ಟೇಜ್ ಉಳಿಯುತ್ತದೆ, ಕಡಿಮೆ ಇರುವ ಕಡೆ ಸೋರುತ್ತದೆ. ಲೆಕ್ಕ ಹಾಕಿದರೆ ಬಾಸ್ ಸುಮಾರು 1.3 ಡೆಸಿಬಲ್‌ನಷ್ಟು ಮೇಲೇಳುತ್ತದೆ. ಇದು ಕಿವಿಗೆ ಗೊತ್ತಾಗುವ ವ್ಯತ್ಯಾಸ. ಕೆಲವರಿಗೆ ಇಷ್ಟವೂ ಆಗುತ್ತದೆ. ಆದರೆ ಇದು ಆಂಪಿನ ಜಾದೂ ಅಲ್ಲ. ಈಕ್ವಲೈಸರ್‌ನಲ್ಲಿ ಬಾಸ್ ಸ್ವಲ್ಪ ಏರಿಸಿದರೂ ಹೆಚ್ಚುಕಡಿಮೆ ಅದೇ ಸಿಗುತ್ತದೆ.

120 ಎಂಬ ಸಂಖ್ಯೆಯನ್ನು ಸುಮ್ನೆ ಆರಿಸಲಿಲ್ಲ. ಐಇಸಿ ಎಂಬ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ 1996ರ 61938 ಮಾನದಂಡ ಹೆಡ್‌ಫೋನ್ ಔಟ್‌ಪುಟ್‌ಗೆ 120 ಓಮ್ ಎಂದೇ ಹೇಳಿತ್ತು. ಹಳೆಯ ಸ್ಟೀರಿಯೊ ಆಂಪ್‌ಗಳ ಹೆಡ್‌ಫೋನ್ ಜಾಕ್‌ನಲ್ಲೂ ಇಂಥ ದೊಡ್ಡ ಸಂಖ್ಯೆಗಳು ಸಿಗುತ್ತವೆ.

ಕಿವಿಯೊಳಗೆ ಹಾಕುವ ಬ್ಯಾಲೆನ್ಸ್ಡ್ ಆರ್ಮೇಚರ್ (ಪುಟ್ಟ ಲೋಹದ ಪಟ್ಟಿ ಕಂಪಿಸಿ ಸದ್ದು ಮಾಡುವ) ಇಯರ್‌ಫೋನ್‌ಗಳಲ್ಲಿ ತೊಂದರೆ ಇನ್ನೂ ಜೋರು. ಒಂದು ಸ್ವರಕ್ಕೆ 5 ಓಮ್, ಇನ್ನೊಂದಕ್ಕೆ 40 ಓಮ್ ಇರುವ ಇಯರ್‌ಫೋನನ್ನು 10 ಓಮ್ ಔಟ್‌ಪುಟ್‌ಗೆ ಜೋಡಿಸಿದರೆ ಎರಡು ಸ್ವರಗಳ ನಡುವೆ ಏಳೂವರೆ ಡೆಸಿಬಲ್ ಏರುಪೇರು. ಇಯರ್‌ಫೋನ್ ಮಾಡಿದವರು ಅಂದುಕೊಂಡ ಧ್ವನಿಯೇ ಅಲ್ಲ ಅದು.

ರೂಢಿಯ ಸೂತ್ರ ಇಷ್ಟೇ: ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನಿನದರ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ. 2 ಓಮ್ ಒಳಗಿದ್ದರೆ ಬಹುತೇಕ ಹೆಡ್‌ಫೋನ್‌ಗಳಿಗೆ ಚಿಂತೆಯಿಲ್ಲ. ಸುಸ್ವಾರಾದಂಥ ಪ್ಲೇನಾರ್ (ಅಗಲವಾದ ತೆಳು ಪೊರೆಯ ಮೇಲೆ ತಂತಿ ಹರಡಿರುವ) ಹೆಡ್‌ಫೋನ್‌ಗಳ ಇಂಪೀಡೆನ್ಸ್ ಎಲ್ಲ ಸ್ವರಕ್ಕೂ ಹೆಚ್ಚುಕಡಿಮೆ ಒಂದೇ. ಅಲ್ಲಿ ಧ್ವನಿ ಬದಲಾಗುವುದಿಲ್ಲ, ಶಕ್ತಿ ಮಾತ್ರ ಪೋಲಾಗುತ್ತದೆ.

ಟ್ಯೂಬ್ ಆಂಪ್‌ಗಳ ಮಾತೂ ಇಲ್ಲೇ ಮುಗಿಸಿಬಿಡೋಣ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಓಟಿಎಲ್ ಟ್ಯೂಬ್ ಆಂಪ್‌ಗಳ ಔಟ್‌ಪುಟ್ ಇಂಪೀಡೆನ್ಸ್ ಹತ್ತಾರು ಓಮ್, ಕೆಲವೊಮ್ಮೆ ನೂರು ದಾಟುತ್ತದೆ. ವೋಲ್ಟ್ ಬೇಕಾದಷ್ಟು ಕೊಡುತ್ತವೆ, ಕರೆಂಟ್ ಕೊಡುವುದಿಲ್ಲ. ಹಾಗಾಗಿ 300 ಅಥವಾ 600 ಓಮ್ ಡೈನಾಮಿಕ್ (ಸುರುಳಿ, ಅಯಸ್ಕಾಂತದ ಮಾಮೂಲಿ ಬಗೆಯ) ಹೆಡ್‌ಫೋನ್‌ಗೆ ಒಳ್ಳೆಯ ಜೋಡಿ. 32 ಓಮ್ ಪ್ಲೇನಾರ್‌ಗೆ ಕೆಟ್ಟ ಜೋಡಿ. ಬಿಸಿ, ಟ್ಯೂಬ್ ಬದಲಿಸುವ ಖರ್ಚು ಬೇರೆ.

ಹೆಜ್ಜೆ 5: ಗೇನ್ ಮತ್ತು ಸುಯ್ ಎನ್ನುವ ಸದ್ದು

ಗೇನ್ ಬೇರೆ, ಶಕ್ತಿ ಬೇರೆ. ಡ್ಯಾಕ್‌ನಿಂದ (ಡಿಜಿಟಲ್ ಹಾಡನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಬಂದ ವೋಲ್ಟೇಜನ್ನು ಎಷ್ಟು ಪಟ್ಟು ಮಾಡಬೇಕು ಎಂಬುದೇ ಗೇನ್. ಸಾಮಾನ್ಯ ಡ್ಯಾಕ್ 2 ವೋಲ್ಟ್ ಕೊಡುತ್ತದೆ. ಸುಸ್ವಾರಾಗೂ ಮೂರು ಪಟ್ಟು ಸಾಕು. ಗೇನ್ ಸ್ವಿಚ್ಚನ್ನು ‘ಹೈ’ಗೆ ಹಾಕಿದರೆ ಧ್ವನಿಗೆ ಜೀವ ಬಂತು ಅನ್ನುವವರು ಕೇಳುತ್ತಿರುವುದು ಜಾಸ್ತಿ ವಾಲ್ಯೂಮ್. ಗುರಿ ಮುಟ್ಟುವ ಅತಿ ಕಡಿಮೆ ಗೇನ್ ಇಟ್ಟುಕೊಳ್ಳಿ. ಆಗ ವಾಲ್ಯೂಮ್ ನಾಬ್ ತೀರಾ ಆರಂಭದಲ್ಲೇ ನಿಲ್ಲಬೇಕಾಗುವುದಿಲ್ಲ. ಸಾಧಾರಣ ನಾಬ್‌ಗಳಲ್ಲಿ ಆ ಜಾಗದಲ್ಲಿ ಎಡ ಬಲ ಕಿವಿಗಳ ಸದ್ದು ಸಮ ಇರುವುದಿಲ್ಲ.

ಆಂಪಿನ ಸ್ವಂತ ಗದ್ದಲ 10 ಮೈಕ್ರೊವೋಲ್ಟ್ ಎಂದುಕೊಳ್ಳಿ. ಒಂದು ವೋಲ್ಟ್‌ಗೆ 120 ಡೆಸಿಬಲ್ ಕೊಡುವ ಇಯರ್‌ಫೋನಿನಲ್ಲಿ ಅದು 20 ಡೆಸಿಬಲ್ ಆಗುತ್ತದೆ. ನಿಶ್ಶಬ್ದ ಕೋಣೆಯಲ್ಲಿ ಸುಯ್ ಎಂದು ಕೇಳಿಸುತ್ತದೆ. ಸುಸ್ವಾರಾದಲ್ಲಿ ಅದೇ ಗದ್ದಲ ಕೇಳಿಸುವ ಮಾತೇ ಇಲ್ಲ. ಒಂದೇ ಆಂಪಿನಲ್ಲಿ ಎರಡನ್ನೂ ಬಳಸುವವರು ಗದ್ದಲದ ಸಂಖ್ಯೆ ನೋಡಿಯೇ ಕೊಳ್ಳಬೇಕು.

ಡಿಸ್ಟಾರ್ಷನ್, ಅಂದರೆ ಧ್ವನಿ ವಿರೂಪವಾಗುವ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗದ್ದಲ, ಡಿಸ್ಟಾರ್ಷನ್ ಎರಡನ್ನೂ ಸೇರಿಸಿ ಹೇಳುವ ಸಿನಾಡ್ 100 ಡೆಸಿಬಲ್ ಅಂದರೆ ಶೇಕಡಾ 0.001. ಹೆಡ್‌ಫೋನ್‌ಗಳ ಸ್ವಂತ ಡಿಸ್ಟಾರ್ಷನ್ ಅದಕ್ಕಿಂತ ಎಷ್ಟೋ ಜಾಸ್ತಿ. 110, 120 ಎಂಬ ಪೈಪೋಟಿ ಎಂಜಿನಿಯರ್‌ಗಳಿಗೆ ಹೆಮ್ಮೆ, ಕೇಳುಗರಿಗೆ ವ್ಯತ್ಯಾಸವಿಲ್ಲ.

ಬ್ಯಾಲೆನ್ಸ್ಡ್ ಜಾಕ್ ಬೇಕಾ?

ನಾಲ್ಕು ಪಿನ್‌ನ ಎಕ್ಸ್‌ಎಲ್‌ಆರ್, 4.4 ಮಿಲಿಮೀಟರ್ ಜಾಕ್ ಇವೆಲ್ಲ ಬ್ಯಾಲೆನ್ಸ್ಡ್, ಅಂದರೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ಜೋಡಿ ತಂತಿ ಇರುವಂಥವು. ಅಲ್ಲಿ ಸಾಮಾನ್ಯವಾಗಿ ವೋಲ್ಟೇಜ್ ಎರಡು ಪಟ್ಟು ಸಿಗುತ್ತದೆ. ಔಟ್‌ಪುಟ್ ಇಂಪೀಡೆನ್ಸೂ ಎರಡು ಪಟ್ಟಾಗುತ್ತದೆ. ನಿಮ್ಮ ಲೆಕ್ಕಕ್ಕೆ ಮಾಮೂಲಿ ಜಾಕ್‌ನ ಶಕ್ತಿಯೇ ಸಾಕು ಅಂತಾದರೆ ಇದಕ್ಕೆಂದು ಹಣ ಸುರಿಯುವ ಅಗತ್ಯ ಕಾಣುವುದಿಲ್ಲ. ಒಂದು ಎಚ್ಚರಿಕೆ: ಆಂಪಿನ ಬ್ಯಾಲೆನ್ಸ್ಡ್ ಜಾಕ್‌ಗೆ ಅಡಾಪ್ಟರ್ ಹಾಕಿ ಮಾಮೂಲಿ ಮೂರು ಸಂಪರ್ಕದ ಹೆಡ್‌ಫೋನ್ ಪ್ಲಗ್ ಚುಚ್ಚಬೇಡಿ. ಎಡ ಬಲದ ನೆಗೆಟಿವ್ ತಂತಿಗಳೆರಡೂ ಶಾರ್ಟ್ ಆಗಿ ಆಂಪ್ ಸುಡಬಹುದು. ಬ್ಯಾಲೆನ್ಸ್ಡ್ ಕೇಬಲ್‌ನ ಹೆಡ್‌ಫೋನನ್ನು ಮಾಮೂಲಿ ಜಾಕ್‌ಗೆ ಹಾಕುವ ಅಡಾಪ್ಟರ್‌ನಿಂದ ತೊಂದರೆಯಿಲ್ಲ.

ಹೆಜ್ಜೆ 6: ಹೋಲಿಸಿ ಕೇಳುವುದು

ಇಷ್ಟಾದ ಮೇಲೆ ಪಟ್ಟಿಯಲ್ಲಿ ಎರಡು ಆಂಪ್ ಉಳಿದಿರುತ್ತವೆ. ಎರಡನ್ನೂ ಮುಂದಿಟ್ಟುಕೊಂಡು ಕೇಳುವ ಅವಕಾಶ ಸಿಕ್ಕರೆ ಬಿಡಬೇಡಿ. ಆದರೆ ಒಂದರಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಿ ‘ಆಹಾ, ಇದೇ ಚೆಂದ’ ಅನ್ನುವುದು ಹೋಲಿಕೆಯಲ್ಲ. ತುಸು ಜೋರಾಗಿ ನುಡಿಯುವುದು ಕಿವಿಗೆ ಯಾವಾಗಲೂ ಚೆನ್ನಾಗಿ ಕೇಳಿಸುತ್ತದೆ. ಅರ್ಧ ಡೆಸಿಬಲ್ ಹೆಚ್ಚಿದ್ದರೆ ಅದು ‘ಜೋರು’ ಅನ್ನಿಸುವುದೇ ಇಲ್ಲ, ‘ಸ್ಪಷ್ಟ’ ಅನ್ನಿಸುತ್ತದೆ. ಆದ್ದರಿಂದ ಎರಡರ ವಾಲ್ಯೂಮ್ ಸಮ ಮಾಡುವುದೇ ಮೊದಲ ಕೆಲಸ. ಕಿವಿಯಿಂದ ಇದು ಆಗದ ಮಾತು, ಮಲ್ಟಿಮೀಟರ್ ಬೇಕು.

ಹೆಡ್‌ಫೋನನ್ನು ತಲೆಯಿಂದ ತೆಗೆದಿಡಿ. ಮಾಮೂಲಿ ಜಾಕ್‌ಗೆ ಎರಡು ಕವಲಿನ ಸ್ಪ್ಲಿಟರ್ ಹಾಕಿ. ಒಂದು ಕವಲಿಗೆ ಹೆಡ್‌ಫೋನ್, ಇನ್ನೊಂದಕ್ಕೆ ತುದಿ ಬಿಚ್ಚಿದ ಕೇಬಲ್. ಬಿಚ್ಚಿದ ತಂತಿಗಳು ಒಂದಕ್ಕೊಂದು ತಾಗದಿರಲಿ. 300 ಹರ್ಟ್ಸ್‌ನ ಟೆಸ್ಟ್ ಟೋನ್ ಹಾಕಿ ಎಸಿ ವೋಲ್ಟೇಜ್ ಅಳೆಯಿರಿ. ಸಾಧಾರಣ ಮೀಟರ್‌ಗಳು 400 ಹರ್ಟ್ಸ್ ಮೇಲೆ ಸರಿಯಾಗಿ ಓದುವುದಿಲ್ಲ, ಅದಕ್ಕೇ 300. ಮೊದಲ ಆಂಪ್ 500 ಮಿಲಿವೋಲ್ಟ್ ತೋರಿಸಿದರೆ ಎರಡನೆಯದು 494ರಿಂದ 506ರ ಒಳಗೆ ಬರಲಿ. 0.1 ಡೆಸಿಬಲ್ ಅಂದರೆ ಅಷ್ಟೇ. ಎರಡೂ ಚಾನೆಲ್ ನೋಡಿ. ಆಮೇಲೆ ನಾಬ್ ಮುಟ್ಟಬೇಡಿ.

ಮೀಟರ್ ಕೈಯಲ್ಲಿದ್ದಾಗಲೇ ಹಾಡು ನಿಲ್ಲಿಸಿ, ಹೆಡ್‌ಫೋನ್ ಕಿತ್ತು, ಡಿಸಿ ವೋಲ್ಟೇಜೂ ನೋಡಿಬಿಡಿ. ಕೆಲವು ಮಿಲಿವೋಲ್ಟ್ ಇದ್ದರೆ ಸರಿ. ನೂರರ ಹತ್ತಿರ ಇದ್ದರೆ ಆ ಆಂಪ್ ಪಕ್ಕಕ್ಕಿಡಿ, ನಿಮ್ಮ ಹೆಡ್‌ಫೋನ್ ಅದಕ್ಕಿಂತ ಮುಖ್ಯ.

ಇನ್ನು ಕೇಳುವುದು. ಡ್ಯಾಕ್ ಒಂದೇ ಇರಲಿ, ಹೆಡ್‌ಫೋನ್ ಒಂದೇ ಇರಲಿ. ಇಡೀ ಹಾಡು ಬೇಡ, ಹದಿನೈದು ಸೆಕೆಂಡಿನ ತುಣುಕು ಸಾಕು. ಧ್ವನಿಯ ಸೂಕ್ಷ್ಮ ನೆನಪು ನಮ್ಮಲ್ಲಿ ಕೆಲವೇ ಸೆಕೆಂಡ್ ಉಳಿಯುತ್ತದೆ, ಹಾಗಾಗಿ ಬೇಗ ಬೇಗ ಬದಲಿಸಬೇಕು. ಗಾಯಕರ ‘ಸ’, ‘ಶ’ ಚುಚ್ಚುತ್ತವೆಯಾ, ಪಿಯಾನೊ ಸ್ವರದ ಬಾಲ ಎಲ್ಲಿಯವರೆಗೆ ಕೇಳಿಸುತ್ತದೆ, ಬಾಸ್ ಹಿಡಿತದಲ್ಲಿದೆಯಾ ಎಂದು ಗಮನಿಸಿ. ಮನೆಯವರನ್ನೋ ಗೆಳೆಯರನ್ನೋ ಕರೆದು, ನಿಮಗೆ ಕಾಣದಂತೆ ಬದಲಿಸಲು ಹೇಳಿ. ಯಾವ ಆಂಪ್ ಎಂಬುದನ್ನು ಪ್ರತಿ ಸಲ ನಾಣ್ಯ ಚಿಮ್ಮಿ ಅವರೇ ನಿರ್ಧರಿಸಲಿ. ನೀವು ಊಹಿಸಿ ಬರೆಯಿರಿ. ಬರೀ ಅದೃಷ್ಟದಿಂದ 16 ಸಲದಲ್ಲಿ 12 ಅಥವಾ ಹೆಚ್ಚು ಸರಿ ಬರುವ ಸಾಧ್ಯತೆ ಶೇಕಡಾ 4ಕ್ಕಿಂತ ಕಡಿಮೆ. 8 ಅಥವಾ 9 ಬಂದರೆ ನಾಣ್ಯಕ್ಕೂ ನಿಮಗೂ ವ್ಯತ್ಯಾಸವಿಲ್ಲ ಎಂದರ್ಥ.

ಓಟಿಎಲ್ ಟ್ಯೂಬ್ ಒಂದು ಕಡೆ ಇದ್ದರೆ 12 ದಾಟುವುದು ಕಷ್ಟವಲ್ಲ. ಎರಡೂ ಕಡಿಮೆ ಔಟ್‌ಪುಟ್ ಇಂಪೀಡೆನ್ಸ್‌ನ, ಸಾಕಷ್ಟು ಶಕ್ತಿಯ ಟ್ರಾನ್ಸಿಸ್ಟರ್ ಆಂಪ್ ಆಗಿದ್ದರೆ ಹೆಚ್ಚಿನವರು 8ರ ಆಸುಪಾಸಿನಲ್ಲೇ ನಿಲ್ಲುತ್ತಾರೆ ಎಂದು ನನ್ನ ಅನಿಸಿಕೆ. ಆಗ ನಾಬ್ ನುಣುಪಾಗಿ ತಿರುಗುತ್ತದೆಯಾ, ಆನ್ ಮಾಡುವಾಗ ಟಪ್ ಎನ್ನುತ್ತದೆಯಾ, ಮುಟ್ಟಿದರೆ ಎಷ್ಟು ಬಿಸಿ, ಮೇಜಿನ ಮೇಲೆ ಎಷ್ಟು ಜಾಗ, ವಾರಂಟಿ ಎಷ್ಟು ವರ್ಷ ಎಂದು ನೋಡಿ ಆರಿಸಿ. ಉಳಿದ ದುಡ್ಡನ್ನು ಇನ್ನೊಂದು ಹೆಡ್‌ಫೋನಿಗೆ ಎತ್ತಿಡಿ.