ಲೀಟರಿಗೆ 70 ಕೊಟ್ಟ ನನ್ನ ಡೀಸೆಲ್ ಬುಲೆಟ್

1997ರಲ್ಲಿ ರಾಯಲ್ ಎನ್‌ಫೀಲ್ಡ್‌ನ ಡೀಸೆಲ್ ಬೈಕ್ ಟಾರಸ್ ಅನ್ನು ಸೆಕೆಂಡ್ ಹ್ಯಾಂಡ್ ತಂದಾಗ ಮನೆಯಲ್ಲಿ ನಾನು ಹೇಳಿದ್ದು ಒಂದೇ ಮಾತು: ಡೀಸೆಲ್ ಗಾಡಿ, ಖರ್ಚು ಕಮ್ಮಿ. ಅದು ಸುಳ್ಳೇನೂ ಆಗಿರಲಿಲ್ಲ. ಆಗ ಡೀಸೆಲ್ ಬೆಲೆ ಪೆಟ್ರೋಲಿನ ಅರ್ಧಕ್ಕೂ ಕಡಿಮೆ ಇತ್ತು. ಬ್ಯಾಡಗಿ ಸುತ್ತಿನ ಹಳ್ಳಿಗಳಿಗೆ ಬೀಜ, ಔಷಧಿ ಒಯ್ದು ಮಾರುವುದು ನನ್ನ ಕೆಲಸ. ದಿನಕ್ಕೆ 60–70 ಕಿಲೋಮೀಟರ್ ಓಡಾಟ. ಬೆಳಿಗ್ಗೆ ಒಂದು ಲೀಟರ್ ಹಾಕಿಸಿದರೆ ರಾತ್ರಿ ಮನೆ ಸೇರುತ್ತಿದ್ದೆ.

ಮೈಯೆಲ್ಲ ಬುಲೆಟ್, ಹೊಟ್ಟೆಯಲ್ಲಿ ಮಾತ್ರ ಪಂಪ್‌ಸೆಟ್‌ಗೂ ಹಾಕುವಂಥ ಗ್ರೀವ್ಸ್ ಲೊಂಬಾರ್ಡಿನಿಯ 325 ಸಿಸಿ ಡೀಸೆಲ್ ಎಂಜಿನ್. ಶಕ್ತಿ ಆರೂವರೆ ಎಚ್‌ಪಿ. ಗಾಡಿಯ ತೂಕ 200 ಕೆಜಿ ಹತ್ತಿರ. ಇಷ್ಟು ಹೇಳಿದರೆ ಓಟ ಹೇಗಿತ್ತು ಅಂತ ಗೊತ್ತಾಗುತ್ತದೆ ಅಲ್ವಾ? ಹಿಂದೆ ಚೀಲ ಕಟ್ಟಿಕೊಂಡು ಕೆಟ್ಟ ದಾರಿಯಲ್ಲಿ 40ರಲ್ಲಿ ಹೋಗಲು ಅಡ್ಡಿಯಿರಲಿಲ್ಲ. ಮೋಟೆಬೆನ್ನೂರಿನಲ್ಲಿ ಹೈವೇ ಹತ್ತಿದರೆ ಮಾತ್ರ ಲಾರಿಯವರ ಹಾರ್ನ್ ಬೆನ್ನಿಗೇ. ಕನ್ನಡಿಯಲ್ಲಿ ನೋಡೋಣ ಅಂದರೆ ಕನ್ನಡಿಯೇ ನಡುಗುತ್ತಿತ್ತು. ಮನೆಗೆ ಬಂದು ಚಹಾದ ಲೋಟ ಹಿಡಿದರೂ ಅಂಗೈ ಜುಮ್ ಅನ್ನುತ್ತಿತ್ತು.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒಳಗಿನ ಗಾಳಿಯನ್ನು ಗಟ್ಟಿಯಾಗಿ ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಹಾಗಾಗಿ ಸುಮ್ನೆ ಕಿಕ್ ಹೊಡೆದರೆ ಕಾಲೇ ವಾಪಸ್ ಬರುತ್ತದೆ. ಒಳಗಿನ ಒತ್ತಡ ಬಿಡಿಸುವ ಡಿಕಂಪ್ರೆಶನ್ ಲಿವರ್ ಎತ್ತಿ, ಎಂಜಿನ್ ಸುಲಭವಾಗಿ ತಿರುಗುವಂತೆ ಮಾಡಿ, ವೇಗ ಬಂದ ಕೂಡಲೇ ಲಿವರ್ ಬಿಡಬೇಕು. ಟಪ್, ಟಪ್, ಆಮೇಲೆ ಕಪ್ಪು ಹೊಗೆ. ಮನೆಯವಳು ಒಣಹಾಕಿದ ಬಟ್ಟೆ ಮೊದಲೇ ತೆಗೆದಿಡುತ್ತಿದ್ದಳು.

ಒಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿದೆ. ತಪ್ಪು ನನ್ನದೇ. ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದು ಅರ್ಧ ಗಂಟೆ ಕಿಕ್ ಹೊಡೆದರೂ ಗಾಡಿ ಉಸಿರೇ ಬಿಡಲಿಲ್ಲ. ಬೈಕ್ ಮೆಕ್ಯಾನಿಕ್ ನೋಡಿ ಕೈ ಎತ್ತಿದ. ಕೊನೆಗೆ ಕೈಹಿಡಿದದ್ದು ಪಂಪ್‌ಸೆಟ್ ರಿಪೇರಿಯವರು. "ಏನೂ ಆಗಿಲ್ರೀ, ಏರ್ ಹಿಡದೈತಿ" ಅಂದರು. ಟ್ಯಾಂಕ್ ಖಾಲಿಯಾದಾಗ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಂಡಿತ್ತು. ಫ್ಯೂಯೆಲ್ ಪಂಪಿನ ಸ್ಕ್ರೂ ಸಡಿಲಿಸಿದರು. ಗುಳ್ಳೆ ಗುಳ್ಳೆಯಾಗಿ ಡೀಸೆಲ್ ಬಂತು, ಗುಳ್ಳೆ ನಿಂತ ಮೇಲೆ ಬಿಗಿದರು. ಆಮೇಲೆ ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ನ ಪೈಪಿನ ನಟ್ ಸಡಿಲಿಸಿ, "ಈಗ ಹೊಡೀರಿ" ಅಂದರು. ನಾಲ್ಕನೇ ಕಿಕ್‌ಗೆ ಡೀಸೆಲ್ ಚಿಮ್ಮಿತು. ನಟ್ ಬಿಗಿದ ಮರುಗಳಿಗೆ ಗಾಡಿ ಚಾಲೂ. ಅವತ್ತಿನಿಂದ ಪಾನಾ ನನ್ನ ಬ್ಯಾಗ್ ಬಿಡಲಿಲ್ಲ. ಬೈಕ್ ಮೆಕ್ಯಾನಿಕ್ ಹತ್ತಿರವೂ ನಾನು ಹೋಗಲಿಲ್ಲ.

ಹೊಗೆಯ ನಿಯಮ ಬಿಗಿಯಾಗಿ 2000ದ ಹೊತ್ತಿಗೆ ಟಾರಸ್ ಬರುವುದು ನಿಂತಿತು. ನನಗೆ ಅದರಿಂದ ತೊಂದರೆಯಾಗಲಿಲ್ಲ, ಸಾಮಾನು ಪಂಪ್‌ಸೆಟ್ ಅಂಗಡಿಯಲ್ಲೇ ಸಿಗುತ್ತಿತ್ತು. ಲೆಕ್ಕ ತಪ್ಪಿದ್ದು ಬೇರೆ ಕಡೆ. ಡೀಸೆಲ್ ಬೆಲೆ ಮೊದಲಿನ ಹಾಗೆ ಪೆಟ್ರೋಲಿನ ಅರ್ಧಕ್ಕಿಂತ ಕಡಿಮೆ ಉಳಿಯಲಿಲ್ಲ. ಅಷ್ಟರಲ್ಲಿ 100 ಸಿಸಿ ಪೆಟ್ರೋಲ್ ಬೈಕುಗಳೂ 70ರ ಹತ್ತಿರ ಕೊಡತೊಡಗಿದ್ದವು. ತೂಕದಲ್ಲಿ ಅರ್ಧ, ಓಟ ಜಾಸ್ತಿ, ಕೈಗೆ ಜುಮ್ಮಿಲ್ಲ. ಇನ್ನೂ ಯಾಕೆ ಈ ನಡುಕ ಅನಿಸಿತು.

2004ರಲ್ಲಿ ಮಾರಿದೆ. ಕೊಂಡ ರೈತರು ಸೀಟು, ಟ್ಯಾಂಕು ಏನನ್ನೂ ನೋಡಲಿಲ್ಲ. ಎಂಜಿನ್ ಬಿಚ್ಚಿಕೊಂಡು ಹೋಗಿ ಹಳ್ಳದ ದಂಡೆಯ ಪಂಪಿಗೆ ಕೂರಿಸಿದರು.