ಮಕ್ಕಳ ಬೈಬಲ್ ಚರಿತ್ರೆ ಪುಸ್ತಕವನ್ನು ನಾನು ಪರೀಕ್ಷಿಸಿದ ರೀತಿ

ಮಗಳು ಒಂದು ಸಂಜೆ ಪುಸ್ತಕ ಹಿಡಿದುಕೊಂಡು ಬಂದು ಕೇಳಿದಳು, "ಅಮ್ಮಾ, ಕ್ರಿ.ಪೂ. 1446 ಅಂತ ಬೈಬಲ್‌ನ ಯಾವ ವಚನದಲ್ಲಿದೆ?" ಇಸ್ರಾಯೇಲ್ಯರು ಐಗುಪ್ತ (ಈಜಿಪ್ಟ್) ಬಿಟ್ಟ ವರ್ಷ ಅದು ಅಂತ ಅವಳ ಬೈಬಲ್ ಚರಿತ್ರೆ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕಿದೆ. ಅಂಥ ವಚನ ಇಲ್ಲವೇ ಇಲ್ಲ.

ನಾವಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಮಕ್ಕಳಿಬ್ಬರನ್ನೂ ಶಾಲೆಗೆ ಕಳಿಸುವುದಿಲ್ಲ, ಮನೆಯಲ್ಲೇ ಪಾಠ. ಇಲ್ಲಿ ಮನೆಪಾಠಕ್ಕೆ ಸರ್ಕಾರದಿಂದ ಪುಸ್ತಕಕ್ಕೆ ಒಪ್ಪಿಗೆ ಪಡೆಯಬೇಕಿಲ್ಲ, ಯಾರೂ ಬಂದು ನೋಡುವುದೂ ಇಲ್ಲ. ಅಂದ ಮೇಲೆ ಪುಸ್ತಕದಲ್ಲಿ ಏನಿದೆ ಅಂತ ನೋಡುವ ಜವಾಬ್ದಾರಿ ಪೂರ್ತಿ ನನ್ನದೇ ಅಲ್ವಾ? ಪುಸ್ತಕ ಮಾಡಿದವರು ಭಕ್ತಿಯುಳ್ಳವರು, ಮುನ್ನುಡಿಯಲ್ಲಿ "ಪೂರ್ತಿ ಸತ್ಯವೇದಕ್ಕೆ ಅನುಸಾರ" (ಸತ್ಯವೇದ ಅಂದರೆ ಬೈಬಲ್) ಅಂತ ಬರೆದಿದ್ದರು, ಅದನ್ನು ನಂಬಿ ನಾನು ಅರ್ಧ ವರ್ಷ ಸುಮ್ನೆ ಪಾಠ ಮಾಡಿಬಿಟ್ಟಿದ್ದೆ. ಆಮೇಲೆ ಪಾಠ ನಿಲ್ಲಿಸಿ ಮೊದಲ ಪುಟದಿಂದ ಮತ್ತೆ ಓದಿದೆ. ನಾಲ್ಕು ತಿಂಗಳು ಬೇಕಾಯಿತು.

ಮೊದಲ ವಾರ ತಪ್ಪು ಕ್ರಮದಲ್ಲಿ ಓದಿದೆ. ಪಾಠ ಓದಿ, ಆಮೇಲೆ ಸತ್ಯವೇದ ತೆರೆಯುತ್ತಿದ್ದೆ. ಹಾಗೆ ಮಾಡಿದರೆ ಪಾಠದಲ್ಲಿದ್ದದ್ದೇ ವಚನದಲ್ಲೂ ಇದ್ದಂತೆ ಕಾಣುತ್ತದೆ. ಹಾಗಾಗಿ ತಿರುಗಿಸಿದೆ: ಮೊದಲು ಪಾಠಪುಸ್ತಕ ಮುಚ್ಚಿಟ್ಟು ಸತ್ಯವೇದದ ಆ ಭಾಗವನ್ನು ಎರಡು ಸಲ ಓದುವುದು, ಒಂದು ಸಲ ಇಂಗ್ಲಿಷ್‌ನಲ್ಲಿ, ಇನ್ನೊಂದು ಸಲ ಧಾರವಾಡದ ಅಜ್ಜಿಯ ಹಳೆಯ ಕನ್ನಡ ಸತ್ಯವೇದದಲ್ಲಿ. ಇಂಗ್ಲಿಷ್ ವಚನಗಳು ಬಾಯಿಪಾಠ ಆಗಿರುವುದರಿಂದ ಕಣ್ಣು ಜಾರಿಕೊಂಡು ಹೋಗುತ್ತದೆ. ಕನ್ನಡದಲ್ಲಿ ನಿಧಾನ ಆಗುತ್ತದೆ. ಅಜ್ಜಿಯ ಪುಸ್ತಕದಲ್ಲಿ ಮತ್ತಾಯ 2ರಲ್ಲಿ, ಯೇಸು ಹುಟ್ಟಿದ ಮೇಲೆ ನೋಡಲು ಬಂದವರು ಮೂಡಣ ದೇಶದ "ಜೋಯಿಸರು" ಅಂತಿದೆ. ಆ ಪದ ನೋಡಿ ನಿಂತೆ. ರಾಜರು ಅಲ್ಲ. ಮೂವರು ಅಂತಲೂ ಇಲ್ಲ, ಕಾಣಿಕೆ ಮಾತ್ರ ಮೂರು. ಅವರು ಬಂದದ್ದು ಮನೆಗೆ, ಗೋದಲಿಗೆ ಅಲ್ಲ. ನಮ್ಮ ಪಾಠದಲ್ಲಿ ಮೂವರು ರಾಜರು ಗೋದಲಿಯ ಮುಂದೆ ಮೊಣಕಾಲೂರಿದ್ದರು.

ಆಮೇಲೆ ನಾಲ್ಕು ಬಣ್ಣದ ಪೆನ್ಸಿಲ್. ವಚನದಲ್ಲೇ ಇರುವ ಮಾತಿಗೆ ಹಸಿರು, ವಚನಗಳಿಂದ ಲೆಕ್ಕ ಹಾಕಿದ್ದಕ್ಕೆ ನೀಲಿ, ಹೊರಗಿನ ಚರಿತ್ರೆಯಿಂದಲೋ ಸಂಪ್ರದಾಯದಿಂದಲೋ ಬಂದಿದ್ದಕ್ಕೆ ಹಳದಿ, ವಚನಕ್ಕೆ ವಿರುದ್ಧವಾಗಿದ್ದರೆ ಕೆಂಪು. ಕೆಂಪು ಜಾಸ್ತಿ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಪುಟಗಳ ತುಂಬ ಹಳದಿ ಬಂತು, ಅದೂ ಹಸಿರಿನ ವೇಷದಲ್ಲಿ.

ಕೆಲವು ಸಣ್ಣವು. ಹವ್ವಳ ಹಣ್ಣು ಸೇಬು ಅಂತ ಆದಿಕಾಂಡ 3 ಹೇಳುವುದಿಲ್ಲ. ನೋಹನ ನಾವೆಗೆ "ಎಲ್ಲಾ ಪ್ರಾಣಿಗಳೂ ಎರಡೆರಡು" ಅಂತ ಬರೆದಿದ್ದರು. ಆದಿಕಾಂಡ 7:2ರಲ್ಲಿ ಶುದ್ಧ ಪಶುಗಳು ಏಳೇಳು. ಇದು ಮುಖ್ಯ, ಯಾಕೆಂದರೆ 8:20ರಲ್ಲಿ ನೋಹ ಶುದ್ಧ ಪಶುಗಳನ್ನೇ ಹೋಮ ಮಾಡುತ್ತಾನೆ, ಎರಡೇ ಇದ್ದಿದ್ದರೆ ಆ ಜಾತಿಯೇ ಮುಗಿಯುತ್ತಿತ್ತು ಅಂತ ಮಗನೇ ಹೇಳಿದ. ಸಂಸೋನನ ಕೂದಲನ್ನು ದೆಲೀಲಳು ಒಬ್ಬಳೇ ಬೋಳಿಸಿದಂತೆ ಬರೆದಿದ್ದರು, ವಚನದಲ್ಲಿ ಅವಳು ಅದಕ್ಕೆ ಒಬ್ಬ ಮನುಷ್ಯನನ್ನು ಕರೆಸುತ್ತಾಳೆ. ಸಿಂಹದ ಗವಿಯಲ್ಲಿ ದಾನಿಯೇಲನನ್ನು ಮೀಸೆ ಮೂಡದ ಹುಡುಗನಂತೆ ಬರೆದಿದ್ದರು. ಅವನು ಸೆರೆಯಾಗಿ ಬಂದದ್ದು ಬಾಬೆಲಿನ ಅರಸ ನೆಬೂಕದ್ನೆಚ್ಚರನ ಕಾಲದ ಆರಂಭದಲ್ಲಿ, ಗವಿಗೆ ಬಿದ್ದದ್ದು ಕ್ರಿ.ಪೂ. 539ರಲ್ಲಿ ಬಾಬೆಲ್ ಪಟ್ಟಣ ಬಿದ್ದ ಮೇಲೆ, ಅಂದರೆ 80ರ ಆಸುಪಾಸಿನ ಮುದುಕ. ಆ ವಯಸ್ಸಿನಲ್ಲೂ ಕಿಟಕಿ ತೆರೆದು ದಿನಕ್ಕೆ ಮೂರು ಸಲ ಪ್ರಾರ್ಥನೆ ಮಾಡಿದ ಅನ್ನುವುದು ಮಕ್ಕಳಿಗೆ ತಿಳಿಯಬೇಡವೇ?

ನಾನೂ ಒಂದು ಕಡೆ ತಪ್ಪಿದೆ. "ಮೋಶೆ 40ನೇ ವಯಸ್ಸಿನಲ್ಲಿ ಐಗುಪ್ತದಿಂದ ಓಡಿಹೋದ" ಅನ್ನುವುದಕ್ಕೆ ಹಳದಿ ಹಾಕಿದ್ದೆ, ವಿಮೋಚನಕಾಂಡ 2ರಲ್ಲಿ ವಯಸ್ಸೇ ಇಲ್ಲ ಅಂತ. ಅದು ಅಪೊಸ್ತಲರ ಕೃತ್ಯಗಳು 7:23ರಲ್ಲಿದೆ, ಸ್ತೆಫನನ ಮಾತಿನಲ್ಲಿ. ಅಂದಿನಿಂದ ಒಂದೇ ಅಧ್ಯಾಯ ನೋಡಿ ಬಣ್ಣ ಹಾಕುವುದನ್ನು ಬಿಟ್ಟೆ. ಹೆಸರು ಹಿಡಿದು ಇಡೀ ಸತ್ಯವೇದ ಹುಡುಕಿದ ಮೇಲೆಯೇ ಪೆನ್ಸಿಲ್.

ನನ್ನನ್ನು ನಿಜವಾಗಿ ನೋಯಿಸಿದ್ದು ಬತ್ಷೆಬೆಯ ಪಾಠ. "ದಾವೀದನೂ ಬತ್ಷೆಬೆಯೂ ಪರಸ್ಪರ ಪ್ರೀತಿಸಿ ಪಾಪಕ್ಕೆ ಬಿದ್ದರು" ಅಂತ ಒಂದೇ ಸಾಲು. 2 ಸಮುವೇಲ 11ನ್ನು ಓದಿ ನೋಡಿ. ನೋಡಿದವನು ಅರಸ ದಾವೀದ, ವಿಚಾರಿಸಿದವನು ಅವನು, ಆಳು ಕಳಿಸಿ ಕರೆಸಿಕೊಂಡವನು ಅವನು, ಕೊನೆಗೆ ಅವಳ ಗಂಡ ಊರೀಯನನ್ನು ಕೊಲ್ಲಿಸಿದವನೂ ಅವನೇ. ಅವಳ ಪ್ರೀತಿಯ ಬಗ್ಗೆ ಒಂದು ಅಕ್ಷರ ಇಲ್ಲ. 12ನೇ ಅಧ್ಯಾಯದಲ್ಲಿ ಪ್ರವಾದಿ ನಾತಾನನು ದಾವೀದನಿಗೆ ಹೇಳುವ ಕಥೆಯಲ್ಲಿ ಐಶ್ವರ್ಯವಂತ ಬಡವನ ಒಂದೇ ಒಂದು ಕುರಿಮರಿಯನ್ನು ಹಿಡಿದುಕೊಳ್ಳುತ್ತಾನೆ; ಕುರಿಮರಿಯ ಮೇಲೆ ಯಾವ ತಪ್ಪೂ ಇಲ್ಲ. ಚಿಕ್ಕ ಮಕ್ಕಳಿಗೆ ಈ ಕಥೆ ಬೇಡ ಅಂತ ಬಿಟ್ಟಿದ್ದರೆ ನಾನು ಒಪ್ಪುತ್ತಿದ್ದೆ. ಬಿಡುವುದು ಬೇರೆ, ಅರ್ಧ ತಪ್ಪನ್ನು ಅವಳ ತಲೆಗೆ ಕಟ್ಟುವುದು ಬೇರೆ. ಇದಕ್ಕೆ ಕೆಂಪು ಹಾಕಿದೆ, ಹೆಣ್ಣುಮಗಳನ್ನು ಬೆಳೆಸುತ್ತಿರುವ ತಾಯಿಯಾಗಿ ಗಟ್ಟಿಯಾಗಿಯೇ ಹಾಕಿದೆ.

ಈಗ ಮಗಳ 1446ಕ್ಕೆ ಬರುತ್ತೇನೆ. 1 ಅರಸುಗಳು 6:1ರ ಪ್ರಕಾರ ಇಸ್ರಾಯೇಲ್ಯರು ಐಗುಪ್ತದಿಂದ ಹೊರಟ 480ನೇ ವರ್ಷದಲ್ಲಿ, ಸೊಲೊಮೋನನ ಆಳ್ವಿಕೆಯ ನಾಲ್ಕನೇ ವರ್ಷ, ದೇವಾಲಯ ಕಟ್ಟಲು ಶುರುವಾಯಿತು. ಅದು ಕ್ರಿ.ಪೂ. 966 ಅಂತ ಇಟ್ಟುಕೊಂಡರೆ 480 ಕೂಡಿಸಿ 1446. ಆದರೆ 966 ಎಲ್ಲಿಂದ ಬಂತು? ಸತ್ಯವೇದದಲ್ಲಿ ಕ್ರಿ.ಪೂ. ಲೆಕ್ಕವೇ ಇಲ್ಲ. ಅಶ್ಶೂರದವರು (ಪ್ರಾಚೀನ ಅಸ್ಸೀರಿಯಾದವರು) ವರ್ಷಕ್ಕೊಬ್ಬ ಅಧಿಕಾರಿಯ ಹೆಸರಿಟ್ಟು ಪಟ್ಟಿ ಬರೆದಿದ್ದರು, ಅದರಲ್ಲಿ ಒಂದು ಸೂರ್ಯಗ್ರಹಣ ದಾಖಲಾಗಿದೆ, ಖಗೋಳ ಲೆಕ್ಕದಿಂದ ಅದು ಕ್ರಿ.ಪೂ. 763ರದ್ದು. ಅಲ್ಲಿಂದ ಇಸ್ರಾಯೇಲ್ ಅರಸರ ಕಾಲ ಹೊಂದಿಸಿಕೊಂಡು ಹಿಂದಕ್ಕೆ ಹೋಗುತ್ತಾರೆ. ಗ್ರೀಕ್ ಅನುವಾದವಾದ ಸೆಪ್ಟುವಜಿಂಟ್‌ನಲ್ಲಿ ಅದೇ ವಚನದಲ್ಲಿ 480 ಅಲ್ಲ, 440. ಇನ್ನು ಕೆಲವು ವಿದ್ವಾಂಸರು ವಿಮೋಚನಕಾಂಡ 1:11ರ ರಾಮ್ಸೇಸ್ ಪಟ್ಟಣದ ಹೆಸರು ನೋಡಿ, ಅದೇ ಹೆಸರಿನ ಫರೋಹ ಆಳಿದ ಕ್ರಿ.ಪೂ. 13ನೇ ಶತಮಾನ ಅನ್ನುತ್ತಾರೆ. ನನಗೆ 1446ರ ಲೆಕ್ಕವೇ ಸರಿ ಅನಿಸುತ್ತದೆ. ಆದರೂ ಅದು ಲೆಕ್ಕ, ವಚನ ಅಲ್ಲ.

ಅದೇ ಪುಟದಲ್ಲಿ ಅಬ್ರಹಾಮನ ಮೊಮ್ಮಗ ಯಾಕೋಬ ಐಗುಪ್ತಕ್ಕೆ ಬಂದದ್ದು ಕ್ರಿ.ಪೂ. 1876 ಅಂತಿತ್ತು. ವಿಮೋಚನಕಾಂಡ 12:40ರಲ್ಲಿ ಇಸ್ರಾಯೇಲ್ಯರು ಐಗುಪ್ತದಲ್ಲಿದ್ದದ್ದು 430 ವರ್ಷ, ಅದನ್ನು 1446ಕ್ಕೆ ಕೂಡಿಸಿದ್ದಾರೆ. ಸೆಪ್ಟುವಜಿಂಟ್‌ನಲ್ಲಿ ಆ 430 ವರ್ಷ ಐಗುಪ್ತ ಮತ್ತು ಕಾನಾನ್ ಎರಡೂ ಸೇರಿ. ಗಲಾತ್ಯ 3:17ರಲ್ಲಿ ಪೌಲನೂ ಅಬ್ರಹಾಮನಿಗೆ ಕೊಟ್ಟ ವಾಗ್ದಾನದಿಂದ ಮೋಶೆಯ ಧರ್ಮಶಾಸ್ತ್ರದವರೆಗೆ 430 ಅನ್ನುತ್ತಾನೆ. ಮಗಳೂ ನಾನೂ ಕೂತು ಕೂಡಿಸಿದೆವು: ಅಬ್ರಹಾಮ ಕಾನಾನ್‌ಗೆ ಬಂದಾಗ 75, ಇಸಾಕ ಹುಟ್ಟಿದಾಗ 100, ಅಲ್ಲಿಗೆ 25. ಯಾಕೋಬ ಹುಟ್ಟಿದಾಗ ಇಸಾಕನಿಗೆ 60. ಫರೋಹನ ಮುಂದೆ ನಿಂತಾಗ ಯಾಕೋಬನಿಗೆ 130. ಒಟ್ಟು 215, ಸರಿಯಾಗಿ 430ರ ಅರ್ಧ! ಹಾಗೆ ಹಿಡಿದರೆ ಐಗುಪ್ತದಲ್ಲಿದ್ದದ್ದು ಇನ್ನರ್ಧ 215 ವರ್ಷ ಮಾತ್ರ, ಯಾಕೋಬ ಬಂದದ್ದು ಕ್ರಿ.ಪೂ. 1661.

ಪ್ರಕಾಶಕರಿಗೆ ಪುಟ, ವಚನ ಎಲ್ಲ ಹಾಕಿ ಇಮೇಲ್ ಕಳಿಸಿದೆ. ಧನ್ಯವಾದ ಅಂತ ಎರಡು ಸಾಲು ಬಂತು, ಅಷ್ಟೇ. ಪುಸ್ತಕ ಬಿಸಾಡಲಿಲ್ಲ, ಅರಸರ ಕಾಲದ ನಕ್ಷೆಗಳು ಅದರಲ್ಲಿ ತುಂಬ ಚೆನ್ನಾಗಿವೆ. ಬತ್ಷೆಬೆಯ ಪುಟದ ಮೇಲೆ ಬೇರೆ ಕಾಗದ ಅಂಟಿಸಿದ್ದೇನೆ, ಆ ದಿನ ನೇರವಾಗಿ ಸತ್ಯವೇದವನ್ನೇ ಓದುತ್ತೇವೆ. ಗೋಡೆಯ ಮೇಲಿನ ಕಾಲದ ಪಟ್ಟಿಯಲ್ಲಿ ಯಾಕೋಬನಿಗೆ ಈಗ ಎರಡು ಚೀಟಿ, 1876 ಒಂದು, 1661 ಇನ್ನೊಂದು. ಎರಡೂ ನೀಲಿ ಪೆನ್ಸಿಲ್‌ನಲ್ಲಿವೆ, ಕೆಳಗೆ ವಚನಗಳನ್ನು ಮಗಳೇ ಬರೆದಿದ್ದಾಳೆ.