ಶಿರಸಿಯಲ್ಲಿ ವೈಜ್ಞಾನಿಕ ಕಥೆಗಳ ಸಮ್ಮೇಳನ ನಡೆಸುವ ಬಗೆ

ಮೊದಲು ದಿನ ಗೊತ್ತು ಮಾಡಿ. ಮಳೆಗಾಲ ಬೇಡ, ಘಟ್ಟದ ರಸ್ತೆಯನ್ನು ನಂಬಿ ಕಾರವಾರ, ಕುಮಟಾದ ಓದುಗರನ್ನು ಕರೆಯಲಾಗದು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರವನ್ನೂ ಬಿಡಿ, ಉಳಿಯಲು ಕೋಣೆ ಸಿಗುವುದು ಕಷ್ಟ. ಅಡಿಕೆ ಕೊಯ್ಲು ಮುಗಿದ ಮೇಲಿನ ಭಾನುವಾರವೇ ನನ್ನ ಆಯ್ಕೆ.

ಹಣಕ್ಕಾಗಿ ಪ್ರಾಯೋಜಕರ ಬೆನ್ನು ಹತ್ತಬೇಡಿ. 1939ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ವೈಜ್ಞಾನಿಕ ಕಥೆಗಳ ವಿಶ್ವ ಸಮ್ಮೇಳನ ವರ್ಲ್ಡ್‌ಕಾನ್ ಇಂದಿಗೂ ಸ್ವಯಂಸೇವಕರಿಂದಲೇ ನಡೆಯುತ್ತಿದೆ. ಅಲ್ಲಿ ಹಣ ಕೊಟ್ಟು ಸದಸ್ಯರಾದವರೇ ವರ್ಷದ ಮೆಚ್ಚಿನ ಕೃತಿಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಗೆ ಮತ ಹಾಕುತ್ತಾರೆ. ನೀವೂ ಸಣ್ಣ ಸದಸ್ಯತ್ವ ಶುಲ್ಕವಿಟ್ಟು, ವರ್ಷದ ಮೆಚ್ಚಿನ ಕನ್ನಡ ಕಥೆಗೆ ಮತಪೆಟ್ಟಿಗೆ ಇಡಿ. ಮತ ಹಾಕಬೇಕಾದವನು ಓದಿಯೇ ಬರುತ್ತಾನೆ ಎಂಬುದು ನನ್ನ ಗಟ್ಟಿ ನಂಬಿಕೆ.

ಗೋಷ್ಠಿಗಳೇ ಸಮ್ಮೇಳನದ ಜೀವ. ವೇದಿಕೆಯಲ್ಲಿ ನಾಲ್ವರಿಗಿಂತ ಹೆಚ್ಚು ಜನ ಬೇಡ. ಹಾರ, ಶಾಲು, ಸ್ವಾಗತ ಭಾಷಣ ಯಾವುದೂ ಬೇಡ. ನಡೆಸಿಕೊಡುವವರು ಕಥೆಗಳನ್ನು ಓದಿರಲೇಬೇಕು. ವಿಷಯ ಹುಡುಕಲು ದೂರ ಹೋಗಬೇಕಿಲ್ಲ: ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 2018ರ ಕೊನೆಯವರೆಗೆ 962 ದಿನ ಸತತವಾಗಿ ಓಡಿ ಆಗಿನ ವಿಶ್ವದಾಖಲೆ ಬರೆಯಿತು. ಅಣುವಿದ್ಯುತ್ ಬಲ್ಲ ನಿವೃತ್ತ ಎಂಜಿನಿಯರ್ ಒಬ್ಬರನ್ನೂ ಕಥೆಗಾರರೊಬ್ಬರನ್ನೂ ಎದುರುಬದುರು ಕೂರಿಸಿ. ಮೊದಲ ಪ್ರಶ್ನೆ ಶಾಲೆಯ ಮಕ್ಕಳದಾಗಿರಲಿ. ಅವರು ಅಂಜದೆ ಕೇಳುತ್ತಾರೆ.

ಊಟಕ್ಕೆ ಅನ್ನ, ತಂಬುಳಿ, ಅಪ್ಪೆಹುಳಿ ಸಾಕು. ಹಳೆಯ ಪುಸ್ತಕಗಳ ವಿನಿಮಯಕ್ಕೆ ಬಾಗಿಲ ಬಳಿಯೇ ಮೇಜು ಹಾಕಿ. ಕರಾವಳಿಯ ಕೊನೆಯ ಬಸ್ಸಿನ ವೇಳೆಯನ್ನು ನಿಲ್ದಾಣದಲ್ಲಿ ಮೊದಲೇ ವಿಚಾರಿಸಿ, ಅದಕ್ಕೆ ಒಂದು ಗಂಟೆ ಮುಂಚೆ ಮತ ಎಣಿಸಿ ಫಲಿತಾಂಶ ಹೇಳಿ.